ಮೈಲಿಗಲ್ಲಿಗೆ ಹಚ್ಚದ ಮೀಟರ್

ಮೇಸ್ತ್ರಿಯ ಎಡಗೈ ಕಿರುಬೆರಳಿನ ಉಗುರು ಅರ್ಧ ಅಂಗುಲ ಬೆಳೆದಿತ್ತು. ಕಾರಿನ ಸ್ಪೀಡ್ ಮೀಟರಿನ ಮುಳ್ಳನ್ನು ಅವರು ಆ ಉಗುರಿನಿಂದಲೇ ಎತ್ತುತ್ತಿದ್ದರು.

ಬಳ್ಳಾರಿ ಕೋಟೆಗುಡ್ಡದ ಕೆಳಗೆ ಅವರ ಕಾರು ರಿಪೇರಿಯ ತಗಡಿನ ಶೆಡ್ಡು. ನನ್ನ ತಂದೆ ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರರ ಹಳೆಯ ಕಾರಿಗೆ ಡ್ರೈವರ್. ಇಬ್ಬರೂ ಗೆಳೆಯರು, ಸಿರುಗುಪ್ಪಕ್ಕೆ ಬಂದರೆ ಮೇಸ್ತ್ರಿಯ ಊಟ ನಮ್ಮಲ್ಲೇ. “ತಂಗೀ, ಕಾರಿನ ಕೆಮ್ಮು ನಿಲ್ಲಸ್ತೀನಿ, ನಿನ್ನ ಗಂಡನ ಗೊರಕಿ ನನ್ನ ಕೈಲಾಗಂಗಿಲ್ಲ” ಎಂದು ಅವ್ವನನ್ನು ನಗಿಸುತ್ತಿದ್ದರು.

ಮೀಟರ್ ರಿಪೇರಿಯಲ್ಲಿ ಅವರದೊಂದು ಕ್ರಮವಿತ್ತು. ತಾವೇ ಡ್ರೈವರ್ ಪಕ್ಕ ಕೂತು, ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ಗಡಿಯಾರ ಹಿಡಿದು ಓಡಿಸಿ ನೋಡದೆ ಕಾರು ಕೊಡುತ್ತಿರಲಿಲ್ಲ. ಅದನ್ನು ಮೈಲಿಗಲ್ಲಿಗೆ ಹಚ್ಚುವುದು ಎನ್ನುತ್ತಿದ್ದರು.

ಎರಡನೆಯ ಮಹಾಯುದ್ಧ ಮುಗಿದ ಹೊಸತು, ಬಿಡಿಭಾಗಗಳು ಸಿಗುತ್ತಿರಲಿಲ್ಲ. ಸಾಹುಕಾರರ ಕಾರಿನ ಮೀಟರ್ ಕೆಟ್ಟು ನಿಂತಿತ್ತು. “ಇಪ್ಪತ್ತೈದು ಮೈಲಿ ಮ್ಯಾಲೆ ಮುಳ್ಳು ಹೋದ್ರ ಕೆಲಸ ಬಿಡು” ಎಂಬುದು ಅವರ ಕಟ್ಟಪ್ಪಣೆ, ಹಾಗಾಗಿ ರಿಪೇರಿ ಆಗಲೇಬೇಕಿತ್ತು. ಕೆಲಸ ಮುಗಿದಾಗ ಶೆಡ್ಡಿನ ಮುಂದೆ ಬೇರೆ ಕಾರು ಕಾಯುತ್ತಿತ್ತು.

“ಮೈಲಿಗಲ್ಲಿಗೆ ಹಚ್ಚಿ ನೋಡಾಣೇನು?” ಎಂದರು ತಂದೆ.

“ನನ್ನ ಕೈಮ್ಯಾಲೆ ನಂಬಿಕಿ ಇಲ್ಲೇನಲೇ? ಹೋಗು” ಎಂದರು ಮೇಸ್ತ್ರಿ. ತಂದೆ ಸಂಕೋಚಪಟ್ಟು ಹೊರಟುಬಿಟ್ಟರು.

ಅದೇ ವಾರ ಕುರುಗೋಡಿನ ತಿರುವಿನಲ್ಲಿ ಕಾರು ಬಂಡಿಗೆ ಬಡಿದು ಎತ್ತು ಸತ್ತಿತು. ಮುಳ್ಳು ಇಪ್ಪತ್ತೈದರಲ್ಲೇ ಇತ್ತೆಂದು ತಂದೆ ಹೇಳಿದ್ದನ್ನು ಸಾಹುಕಾರರು ನಂಬಲಿಲ್ಲ, ಮೇಸ್ತ್ರಿಯನ್ನು ಕರೆಸಿದರು. ಮೀಟರ್ ಬಿಚ್ಚಿ ನೋಡಿದ ಮೇಸ್ತ್ರಿ ಮೊದಲು ನಮ್ಮ ಮನೆಗೆ ಬಂದರು. “ಬ್ಯಾರೆ ಕಾರಿನ ಹಲ್ಲುಚಕ್ರ ಹಾಕಿದ್ದೆ. ಮುಳ್ಳು ಕಡಿಮಿ ತೋರ್ಸೈತಿ. ತಪ್ಪು ನಂದು, ನಾನೇ ಹೇಳ್ತೀನಿ” ಎಂದರು. ಅವ್ವನೂ ನಾನೂ ಕೇಳಿದ ಮಾತು ಇದು.

ಸಂಜೆ ಗಿರಣಿಯ ಅಂಗಳದಲ್ಲಿ ಬಳ್ಳಾರಿಯ ಇನ್ನಿಬ್ಬರು ಕಾರು ಮಾಲೀಕರೂ ಇದ್ದರು, ಇಬ್ಬರೂ ಮೇಸ್ತ್ರಿಯ ಗಿರಾಕಿಗಳು. ಸಾಹುಕಾರರು ಕೇಳಿದಾಗ ಮೇಸ್ತ್ರಿ ತಂದೆಯತ್ತ ನೋಡದೆ, “ಮೀಟರ್ ಸರಿ ಐತ್ರಿ” ಎಂದರು.

“ಹಂಗಾರ ತಪ್ಪು ಯಾರ್ದು?” ಎಂದರು ಸಾಹುಕಾರರು.

ಮೇಸ್ತ್ರಿ ತಮ್ಮ ಸಾಮಾನಿನ ಚೀಲ ಎತ್ತಿಕೊಂಡು ಹೊರಟರು.

ತಂದೆಯ ಕೆಲಸ ಹೋಯಿತು. ಹುಚ್ಚು ವೇಗದ ಡ್ರೈವರ್ ಎಂಬ ಹೆಸರು ಬಿದ್ದು, ಮತ್ತೆ ಯಾರೂ ಅವರ ಕೈಗೆ ಕಾರು ಕೊಡಲಿಲ್ಲ. ಬೇರೊಂದು ಗಿರಣಿಯಲ್ಲಿ ಭತ್ತದ ಚೀಲ ಹೊತ್ತರು. ಮೇಸ್ತ್ರಿಯ ಶೆಡ್ಡು ಮೊದಲಿನಂತೆಯೇ ನಡೆಯಿತು. ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಮಾತು ನಡೆದಿದ್ದಾಗ ಮೇಸ್ತ್ರಿ ತೀರಿಕೊಂಡರು. ತಂದೆ ಹೋಗಲಿಲ್ಲ, ನನ್ನನ್ನು ಕಳಿಸಿದರು. ನಾನು ಮಣ್ಣು ಮುಗಿಸಿ ಬಂದಾಗ ಬಾಗಿಲಲ್ಲೇ ನಿಂತಿದ್ದರು.

“ಸಾಯೋ ಮುಂಚೆ ಆ ಮೀಟರಿನ ಮಾತು ಯಾರ ಮುಂದರ ಹೇಳಿದ್ನಂತೇನು?”

ನಾನು ಮೇಸ್ತ್ರಿಯ ಹೆಂಡತಿಯನ್ನೂ ಶೆಡ್ಡಿನವರನ್ನೂ ವಿಚಾರಿಸಿ ಬಂದಿದ್ದೆ. “ಇಲ್ಲಪ್ಪ” ಎಂದೆ.

“ಹೇಳ್ತಾನಂತ ತಿಳ್ಕಂಡಿದ್ದೆ” ಎಂದು ತಂದೆ ಒಳಗೆ ಹೋದರು.