ಸ್ವಇಚ್ಛೆ, ಚೀಲ ಕಳೆದು

ನಮ್ಮಪ್ಪನ ಕೈಗೆ ಯಾವ ಚೀಲ ಸಿಕ್ಕಿದ್ರೂ ಒಂದ್ಸಲ ಎತ್ತಿ, ಕಣ್ಣು ಮುಚ್ಚಿ, ಒಳಗಿರೋದ್ರ ತೂಕ ಹೇಳ್ದೆ ಕೆಳಗಿಡಲ್ಲ. ದಿನಾ ಸಂಜೆ ನನ್ನ ಸ್ಕೂಲ್ ಬ್ಯಾಗ್ ಎತ್ತಿ, "ಚೀಲ ಕಳುದ್ರೆ ಒಳಗೇನೂ ಇಲ್ಲ ಕಣವ್ವ" ಅಂತಾನೆ. ಇಡೀ ಕ್ಲಾಸಿಗೇ ಫಸ್ಟು ಬರೋ ಹುಡುಗಿಗೆ ಹೇಳೋ ಮಾತಾ ಇದು, ನೀವೇ ಹೇಳಿ. ಫಸ್ಟು ಅಂದ್ರೆ ಹಾಜರಿ ಕೂಗೋವಾಗ, ನನ್ನ ಹೆಸರು ಅಮೂಲ್ಯ ಆಗಿರೋದ್ರಿಂದ.

ಅಪ್ಪ ಚನ್ನರಾಯಪಟ್ಟಣದ ಹತ್ರ ಒಂದು ಕೊಬ್ಬರಿ ಮಿಲ್ಲಲ್ಲಿ ತೂಕ ಬರೆಯೋನು. ಮೂಟೆ ಬಂದ್ರೆ ಒಟ್ಟು ತೂಕ ಬರ್ದು, ಖಾಲಿ ಚೀಲದ್ದು ಒಂದು ಕೆಜಿ ಕಳೀಬೇಕು. ಇಪ್ಪತ್ತು ವರ್ಷ ಕಳೆದೂ ಕಳೆದೂ ನಿದ್ದೇಲೂ ಕಳೀತಾನೆ. ಆ ಕೈಗೆ ಮೋಸ ಗೊತ್ತಿಲ್ಲ ಅಂತ ಹೊಳೆನರಸೀಪುರ, ಅರಕಲಗೂಡಿಂದಾನೂ ರೈತರು ಬರ್ತಾರೆ.

ಈ ಎಲೆಕ್ಷನ್ನಿಗೆ ಮಿಲ್ ಓನರ್ ಭಾವಮೈದ ನಿಂತ್ರು. ಕೆಲಸದೋರ ಹತ್ರ ಒಂದು ಹಾಳೆ ಬಂತು. ತಲೇಲಿ "ಸ್ವಇಚ್ಛೆಯಿಂದ ಕೊಡುವ ಪ್ರಚಾರ ದೇಣಿಗೆ" ಅಂತ ಟೈಪ್ ಮಾಡಿತ್ತು, ಸಾವಿರಕ್ಕೆ ಕಮ್ಮಿ ಇಚ್ಛೆ ಪಡಬಾರ್ದು ಅಂತ ಮ್ಯಾನೇಜರು ಬಾಯಲ್ಲೇ ಹೇಳಿದ್ರು. ಎರಡು ಮೂಟೆ ತೂಗೋದ್ರ ಮಧ್ಯೆ ಆ ಹಾಳೆ ಕೈಗೆ ಬಂದು, ಅಪ್ಪ ಸಾವಿರ ಅಂತ ಬರ್ದು, ಪಕ್ಕದಲ್ಲಿ ಅಭ್ಯಾಸಬಲದಿಂದ "ಚೀಲ ಕಳೆದು 999" ಅಂತ ಗೀಚ್ಬುಟ್ಟ. ಅಪ್ಪನ ಕೆಳಗಿನ ಸಾಲಲ್ಲಿ ಬರೆಯೋರೆಲ್ಲ ಮೇಲಿಂದು ನೋಡಿ ಬರೆಯೋರು. ಒಬ್ಬರೂ ಬಿಡದೆ ಚೀಲ ಕಳೆದ್ರು.

ಆ ಹಾಳೆ ಮ್ಯಾನೇಜರ ಕೈಗೆ ವಾಪಸ್ ಹೋದ ದಿನ ಭಾನುವಾರ. ಊಟದ ಡಬ್ಬಿ ತಂದು ನಾನು ಒಣಗಾಕೋ ಕಣದಂಚಲ್ಲಿ ಕೂತಿದ್ದೆ. ಬಿಸಿಲಲ್ಲಿ ಹರಡಿದ್ದ ಕೊಬ್ಬರಿ ಹೋಳುಗಳು, ಆಕಾಶದಲ್ಲಿ ಜಾಗ ಸಾಲದೆ ಇಳಿದು ಬಂದ ಸಾವಿರಾರು ಚಂದ್ರರ ಥರ ಮಲಗಿದ್ವು. ಅವನ್ನೇ ನೋಡ್ತಾ ನಾನೂ ತೇಲ್ತಾ ಇದ್ದೋಳು, ಮ್ಯಾನೇಜರ ಕೂಗಿಗೆ ದಬಕ್ಕನೆ ಭೂಮಿಗೆ ಬಿದ್ದೆ.

"ಏನಯ್ಯ ಚಂದ್ರ, ದೇಣಿಗೇಲೂ ಚೀಲ ಕಳೀತೀಯಾ? ತಮಾಸೆನಾ?"

"ಕೈ ಬರ್ದ್ಬುಡ್ತು ಸಾ."

"ಮಿಕ್ಕೋರ ಕೈಗೇನು ರೋಗ?"

ಮೂಟೆ ಹೊರೋ ತಿಮ್ಮಣ್ಣ ಬೀಡಿ ಹಿಂದಕ್ಕೆ ಬಚ್ಚಿಟ್ಕೊಂಡು, "ಸ್ವಇಚ್ಛೆಯಿಂದ ಅಂತ ಮೇಲೇ ಬರ್ದೈತಲ್ಲ ಸಾ, ನಾವೂ ಅಂಗೇ ಕಳುದ್ವು" ಅಂದ.

ಮ್ಯಾನೇಜರು ಹೊಸ ಹಾಳೆ ಅಪ್ಪನ ಕೈಗೆ ತುರುಕಿದ್ರು. "ಸರಿಯಾಗಿ ಬರಿ. ಇಲ್ಲಾಂದ್ರೆ ನಾಳೆಯಿಂದ ತಕ್ಕಡಿ ಮುಂದೆ ಕಾಣಿಸ್ಕೋಬೇಡ."

ತಕ್ಕಡಿ ಬಿಟ್ರೆ ಅಪ್ಪಂಗೆ ಬೇರೆ ಕೆಲಸ ಗೊತ್ತಿಲ್ಲ, ಅಪ್ಪನ ಸಂಬಳ ಬಿಟ್ರೆ ನಮ್ಮನೇಗೆ ಬೇರೆ ದಾರಿ ಗೊತ್ತಿಲ್ಲ. ಅಪ್ಪ ಹಾಳೇನ ಅಂಗೈ ಮೇಲಿಟ್ಟು, ಮೆಲ್ಲಗೆ ಎತ್ತಿ, ಕಣ್ಣು ಮುಚ್ಚಿದ. ಗಾಳಿಯೂ ತೂಕ ಕೇಳೋಕೆ ನಿಂತಂಗಿತ್ತು.

"ಇದ್ರಲ್ಲಿ ಬರೀ ಚೀಲಾನೇ ಐತೆ ಸಾ" ಅಂದು, ಸಹಿ ಹಾಕ್ದೆ ವಾಪಸ್ ಕೊಟ್ಟ.

ಮ್ಯಾನೇಜರು ಬಾಯಿ ತೆಗೆಯೋಷ್ಟರಲ್ಲಿ ಗೇಟಿನ ಹತ್ರ ಅರಕಲಗೂಡಿನ ಟೆಂಪೋ ಹಾರನ್ನು, ಒಳಗಿಂದ ರೈತನ ಕೂಗು. "ಚಂದ್ರಣ್ಣೋ, ಬತ್ತೀಯಾ, ಇಲ್ಲ ಮೂಟೆ ಬ್ಯಾರೆ ಮಿಲ್ಲಿಗೆ ತಕ್ಕೊಂಡೋಗಾನಾ?" ಅದರ ಹಿಂದೆ ಇನ್ನೂ ಮೂರು ಟೆಂಪೋ. ಮ್ಯಾನೇಜರು ಅವನ್ನ ನೋಡಿದ್ರು, ಅಪ್ಪನ್ನ ನೋಡಿದ್ರು, ಹಾಳೇನ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಕೊಂಡ್ರು.

"ನಿಂತ್ಕೊಂಡೇನ್ ನೋಡ್ತೀಯಾ? ಹೋಗಿ ತೂಕ ಮಾಡಯ್ಯ, ನಾಳೇನೂ ಬೇಗ ಬಾ."

ಸಂಜೆ ಮನೇಲಿ ಅಪ್ಪ ಎಂದಿನಂಗೆ ನನ್ನ ಬ್ಯಾಗಿಗೆ ಕೈ ಚಾಚಿದ. ನಾನು ಬ್ಯಾಗ್ ಕೊಡದೆ, ಆ ಕೈಯನ್ನೇ ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ತೂಗಿದೆ. ಕೊಬ್ಬರಿ ವಾಸನೆ, ಒರಟು ಚರ್ಮ, ಒಳ್ಳೇ ಭಾರ. ಕಳೆಯೋಕೆ ಏನೂ ಸಿಗ್ಲಿಲ್ಲ.