ನಾಜಲ್ಲಿನ ಮುಂದೆ ಅಣ್ಣನ ಅಂಗೈ

ಡೀಸೆಲ್ ಎಂಜಿನ್ನಿನ ನಾಜಲ್ ಕೆಟ್ಟರೆ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತು ಬಡಿಯುತ್ತಿರುವ ಹಾಗೆ ಕೇಳುತ್ತದೆ. ಅಣ್ಣನ ಲಾರಿ ಶಿಂಷಾ ಸೇತುವೆ ದಾಟುವ ಮೊದಲೇ ಆ ಬಡಿತ ಮದ್ದೂರಿನ ನಮ್ಮ ರಿಪೇರಿ ಶೆಡ್ಡಿಗೆ ಕೇಳಿತು. ಹಿಂದೆ ಕರಿ ಹೊಗೆ ರಸ್ತೆಯ ಎರಡೂ ಬದಿಯ ಮರಗಳನ್ನು ನುಂಗಿಕೊಂಡು ಬರುತ್ತಿತ್ತು. ಅಣ್ಣ ಇಳಿದವನೇ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದನೆಂದರೆ ಕನ್ನಡಿ ಕಳಚಿ ಬಿತ್ತು. ಬಿದ್ದ ಕನ್ನಡಿಯನ್ನು ಕಾಲಿನಲ್ಲಿ ಒದ್ದ.

ಯುದ್ಧ ಮುಗಿದ ಮಾರನೆಯ ವರ್ಷ ಅದು. ಮಿಲಿಟರಿಯವರು ಬಿಟ್ಟುಹೋದ ಲಾರಿಗಳು ಹರಾಜಿಗೆ ಬಂದಿದ್ದವು. ಚಿಕ್ಕರಸಿನಕೆರೆಗೆ ಎರಡು ಮೈಲಿ ದೂರದ ನಮ್ಮ ಊರಿನಲ್ಲಿ ಅಂಥದ್ದೊಂದನ್ನು ತಂದವನು ನನ್ನ ಅಣ್ಣನೊಬ್ಬನೇ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ನಮ್ಮ ಕಬ್ಬಿನ ಜೊತೆಗೆ ಸುತ್ತಲಿನವರ ಕಬ್ಬನ್ನೂ ಅವನೇ ಸಾಗಿಸುತ್ತಿದ್ದ. ನಮ್ಮಪ್ಪ ಸತ್ತಾಗ ಅವನಿಗೆ ಇಪ್ಪತ್ತು, ನನಗೆ ಹನ್ನೆರಡು. ಅಂದಿನಿಂದ ಮನೆ, ಗದ್ದೆ, ದನ, ನಾನು, ಎಲ್ಲವೂ ಅವನ ಕೈಗೆ ಬಂದವು. ಆ ಕೈ ಬಹಳ ದೊಡ್ಡದು. ಎತ್ತು ಸಾಲು ತಪ್ಪಿದರೆ ಎತ್ತಿಗೆ ಬೀಳುತ್ತಿತ್ತು, ಸಾರಿಗೆ ಉಪ್ಪು ತಪ್ಪಿದರೆ ಅತ್ತಿಗೆಗೆ. ನನಗೆ ಬೀಳಲು ಕಾರಣ ಬೇಕಿರಲಿಲ್ಲ. ಹದಿನೆಂಟರಲ್ಲಿ ನೊಗದ ಗೂಟದಿಂದ ಹೊಡೆದು ಎಡ ಮೊಣಕೈ ಮುರಿದ. ಅದು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಆ ಕೈ ಕೂಡಿಕೊಂಡ ಮೇಲೆ ನಾನು ಊರು ಬಿಟ್ಟು ಮದ್ದೂರಿಗೆ ಬಂದು ಮೇಸ್ತ್ರಿಗಳ ಶೆಡ್ಡು ಸೇರಿದೆ. ಲಾರಿ ಕೆಟ್ಟು ಬಂದ ಹೊತ್ತಿಗೆ ನನಗೆ ಇಪ್ಪತ್ತಾರು.

ಮೇಸ್ತ್ರಿ ಮದ್ದೂರಿನ ಸಾಬರು. ಐವತ್ತು ದಾಟಿದ್ದ, ಸಣ್ಣ ಮೈಯ, ಮೆಲುಮಾತಿನ ಮನುಷ್ಯ. ಯುದ್ಧದ ಕಾಲದಲ್ಲಿ ಶೆಡ್ಡನ್ನು ನನ್ನ ಕೈಗೆ ಬಿಟ್ಟು, ಎರಡು ವರ್ಷ ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ದುಡಿದು ಡೀಸೆಲ್ ಕೆಲಸ ಕಲಿತು ಬಂದಿದ್ದರು. ನಮ್ಮ ಸೀಮೆಯಲ್ಲಿ ಆಗ ಅದನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲ. ಎಂಟು ವರ್ಷ ನನ್ನನ್ನು ಇಟ್ಟುಕೊಂಡವರು ಒಂದು ದಿನವೂ ಕೈ ಎತ್ತಿರಲಿಲ್ಲ.

ನಾಲ್ಕೂ ನಾಜಲ್ ಬಿಚ್ಚಿದೆವು. ನಾಜಲ್ ಎಂದರೆ ಪಂಪಿನಿಂದ ಬಂದ ಎಣ್ಣೆಯನ್ನು ಎಂಜಿನ್ನಿನೊಳಕ್ಕೆ ಮಂಜಿನ ಹಾಗೆ ಚಿಮ್ಮಿಸುವ, ಕಿರುಬೆರಳಿನಷ್ಟು ಉಕ್ಕಿನ ತುಂಡು. ಒಳಗೆ ಒಂದು ಸೂಜಿ ಇರುತ್ತದೆ. ಅಣ್ಣ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿ, ಸೋಸದೆ ಸುರಿದಿದ್ದ. ನಾಲ್ಕು ಸೂಜಿಗಳೂ ಕಚ್ಚಿಕೊಂಡಿದ್ದವು. ಮೇಸ್ತ್ರಿಗಳು ಒಂದನ್ನು ಪೈಪಿಗೆ ಸಿಕ್ಕಿಸಿ ಹೊರಕ್ಕೆ ತಿರುಗಿಸಿ, ಪಂಪಿನ ಕೆಳಗೆ ಸ್ಕ್ರೂಡ್ರೈವರನ್ನು ಸನ್ನೆಗೋಲಿನ ಹಾಗೆ ಕೊಟ್ಟು ಒತ್ತಲು ನನಗೆ ಹೇಳಿದರು. ಎಣ್ಣೆ ಚಿಮ್ಮದೆ ತೊಟ್ಟಿಕ್ಕಿತು. ಅಣ್ಣ ಅಂಗೈ ಒಡ್ಡಿ ಆ ಹನಿಯನ್ನು ಹಿಡಿದು ಮೂಸಿ ನಕ್ಕ. ಮೇಸ್ತ್ರಿಗಳು ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದರು.

“ಅಂಗ್ ಕೈ ಕೊಡ್ಬ್ಯಾಡಿ ಗೌಡ್ರೆ. ಇದು ಕೆಟ್ಟೋಗದೆ, ಅದ್ಕೆ ತೊಟ್ಟಿಕ್ತು. ನೆಟ್ಟಗಿರೋದಾದ್ರೆ ಚರ್ಮ ತೂರ್ಕೊಂಡು ಒಳಕ್ ಓಯ್ತದೆ. ಮಿಲಿಟ್ರೀಲಿ ಒಬ್ಬ ಕೈನೇ ಕಳ್ಕೊಂಡ.”

ಅಣ್ಣ ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ.

ಎರಡನ್ನು ಉಜ್ಜಿ ಸರಿಮಾಡಬಹುದು, ಇನ್ನೆರಡಕ್ಕೆ ಹೊಸದೇ ಬೇಕು, ಬೆಂಗಳೂರಿನಿಂದ ರೈಲಿನಲ್ಲಿ ಬರಬೇಕು, ವಾರವಾಗುತ್ತದೆ ಎಂದರು ಮೇಸ್ತ್ರಿಗಳು. ಕಡಿದ ಕಬ್ಬು ಗದ್ದೆಯಲ್ಲಿ ಒಣಗುತ್ತಿದೆ ಎಂದು ಅಣ್ಣ ಕೂಗಾಡಿ ಹೋದ. ಮುಂದಿನ ಮೂರು ದಿನ ನಾನು ಗಾಜಿನ ತುಂಡಿನ ಮೇಲೆ ನುಣ್ಣನೆಯ ಪೇಸ್ಟು ಹಚ್ಚಿ, ಆ ಎರಡು ಸೂಜಿಗಳನ್ನು ಬೆರಳ ತುದಿ ಮರಗಟ್ಟುವವರೆಗೆ ಉಜ್ಜಿದೆ. ಮೂರನೆಯ ದಿನ ಒಂದು ಸರಿಹೋಯಿತು. ಪೈಪಿಗೆ ಹಾಕಿ ನೋಡಿದಾಗ ಕಿರ್ರೆಂದು ಹಕ್ಕಿಯ ಹಾಗೆ ಕೂಗಿ, ಎದುರಿಗೆ ಹಿಡಿದ ರಟ್ಟಿನಲ್ಲಿ ತೂತು ಮಾಡಿತು.

ನಾಲ್ಕನೆಯ ದಿನ ಬೆಳಿಗ್ಗೆ ಅಣ್ಣ ಬಂದ. ಯಾರೋ ಅವನ ಕಿವಿಗೆ ಊದಿದ್ದರು: ಸಾಬರು ನಿನ್ನ ಲಾರಿಯ ಒಳ್ಳೆಯ ನಾಜಲ್ ಬಿಚ್ಚಿ ಇನ್ನೊಬ್ಬರ ಗಾಡಿಗೆ ಹಾಕಿದ್ದಾರೆ, ನಿನಗೆ ಹಳೆಯದನ್ನು ತೋರಿಸುತ್ತಿದ್ದಾರೆ ಎಂದು. ಮೇಸ್ತ್ರಿಗಳು ನೆಲದ ಮೇಲೆ ಕುಳಿತು ಸ್ಪ್ರಿಂಗ್ ಒರೆಸುತ್ತಿದ್ದರು. ಅಣ್ಣ ಏನೂ ಕೇಳಲಿಲ್ಲ. ಮೊದಲು ಕಪಾಳಕ್ಕೆ ಬಿತ್ತು. ಅವರು ಏಳಲು ಹೋದಾಗ ಗಾಲಿ ಬಿಚ್ಚುವ ಸ್ಪ್ಯಾನರ್ ಎತ್ತಿಕೊಂಡು ಪಕ್ಕೆಗೆ ಬಾರಿಸಿದ. ಹಸಿ ಸೌದೆ ಮುರಿದ ಹಾಗೆ ಸದ್ದಾಯಿತು. ಮೇಸ್ತ್ರಿಗಳು ಡ್ರಮ್ಮಿಗೆ ಒರಗಿ ಕುಸಿದರು. ಬಾಯಿಂದ ರಕ್ತ ಬಂದು ಗಡ್ಡಕ್ಕೆ ಇಳಿಯಿತು. ಒಂದು ಹಲ್ಲು ಅವರ ತೊಡೆಯ ಮೇಲೆ ಬಿದ್ದಿತ್ತು. ಅದನ್ನು ಅವರು ಬೆರಳಲ್ಲಿ ಎತ್ತಿ ನೋಡುತ್ತಿದ್ದುದು ನನ್ನ ಕಣ್ಣಿನಲ್ಲಿ ಹಾಗೇ ಇದೆ.

ನಾನು ಅಲುಗಲಿಲ್ಲ. ಇಪ್ಪತ್ತಾರರ ಗಂಡಸು, ಹತ್ತಿರದಲ್ಲೇ ಸುತ್ತಿಗೆ ಇತ್ತು, ಆದರೂ ಮೊಣಕೈ ಮುರಿದ ದಿನದ ಹೆದರಿಕೆ ಕಾಲು ಹಿಡಿದುಕೊಂಡಿತು. ಅಣ್ಣ ನನ್ನ ಕಡೆ ತಿರುಗಿ, ಕೆಟ್ಟಿದೆ ಎನ್ನುವ ನಾಜಲ್ಲನ್ನು ತೋರಿಸು, ನನ್ನ ಕಣ್ಣೆದುರೇ ನೋಡಬೇಕು ಎಂದ.

ಬೆಂಚಿನ ಮೇಲೆ ಎರಡು ಇದ್ದವು, ಕೆಟ್ಟದ್ದು ಮತ್ತು ನಾನು ಉಜ್ಜಿ ಸರಿಮಾಡಿದ್ದು. ಅವನಿಗೆ ಅವುಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಾನು ಸರಿಯಾದದ್ದನ್ನು ಎತ್ತಿಕೊಂಡೆ. ಪೈಪಿಗೆ ಹಾಕಿ ನಟ್ಟು ಬಿಗಿದೆ. ಬಿಗಿಯಲು ಹಿಡಿದಷ್ಟು ಹೊತ್ತು ಮನಸ್ಸು ಬದಲಿಸಲು ಸಾಕಾಗಿತ್ತು. ಬದಲಿಸಲಿಲ್ಲ. ಅವನು ಕೈ ಒಡ್ಡುತ್ತಾನೆಂದು ನನಗೆ ಗೊತ್ತಿತ್ತು. ಒಡ್ಡಿದ. ಬಲಗೈ, ಅಂಗೈ ಅಗಲಿಸಿ, ನಾಜಲ್ಲಿಗೆ ನಾಲ್ಕು ಬೆರಳಿನಷ್ಟು ಹತ್ತಿರ.

“ಒತ್ಲಾ,” ಅಂದ.

ಡ್ರಮ್ಮಿನ ಹತ್ತಿರದಿಂದ ಮೇಸ್ತ್ರಿಗಳು ಕೈಯೆತ್ತಿ, ಬ್ಯಾಡ, ಬ್ಯಾಡ ಎಂದರು. ನಾನು ಸ್ಕ್ರೂಡ್ರೈವರನ್ನು ಮೈಭಾರ ಹಾಕಿ ಒತ್ತಿದೆ.

ಕಿರ್ರೆಂದಿತು. ಅಣ್ಣ ಕೈಯನ್ನು ಹಿಂದಕ್ಕೆಳೆದು ಕೊಡವಿದ. ಅಂಗೈ ನಡುವೆ ಕೆಂಪು ಚುಕ್ಕಿ, ಇರುವೆ ಕಚ್ಚಿದಷ್ಟು. ರಕ್ತವೇ ಇಲ್ಲ. ಅವನು ಅದನ್ನು ಪಂಚೆಗೆ ಒರೆಸಿ, ಇಷ್ಟೇನಾ ನಿಮ್ಮ ಬೆದರಿಕೆ ಎಂದು ನಕ್ಕ. ಆಗ ಮೇಸ್ತ್ರಿಗಳು ಪಕ್ಕೆ ಹಿಡಿದುಕೊಂಡು ತೆವಳಿ ಬಂದು ಅವನ ಕಾಲು ಹಿಡಿದರು.

“ಗೌಡ್ರೆ, ಈಗ್ಲೇ ಆಸ್ಪತ್ರೆಗೋಗಿ. ಇವತ್ತೇ ಕುಯ್ಸಿ ಎಣ್ಣೆ ತೆಗುಸ್ಬೇಕು. ನನ್ನ ಆಮೇಲ್ ಬಂದು ಒಡೀರಿ.”

ಅಣ್ಣ ಅವರ ಎದೆಗೆ ಒದ್ದು, ಎತ್ತಿನ ಗಾಡಿ ಹತ್ತಿ ಊರಿಗೆ ಹೋದ. ನಾನು ಮೇಸ್ತ್ರಿಗಳ ಬಾಯಿ ತೊಳೆದು, ಪಕ್ಕೆಗೆ ಬಟ್ಟೆ ಬಿಗಿದೆ. ಅವರು ನನ್ನ ಮುಖ ನೋಡಿ ಒಂದೇ ಮಾತು ಕೇಳಿದರು: ಯಾವುದು ಹಾಕಿದ್ದೆ? ನಾನು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

ಮಾರನೆಯ ದಿನ ಮಧ್ಯಾಹ್ನ ಅತ್ತಿಗೆ ಆಳನ್ನು ಕಳಿಸಿದಳು. ನಾನು ಹೋಗುವಷ್ಟರಲ್ಲಿ ಅಣ್ಣನ ಕೈ ಮೊಣಕೈವರೆಗೆ ಊದಿ, ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಅಂಗೈಗೆ ಯಾವುದೋ ಸೊಪ್ಪು ಅರೆದು ಕಟ್ಟಿದ್ದರು. ನೋವಿಗೆ ಅವನು ಜಗುಲಿಯ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ಹತ್ತಿರ ಹೋದವರಿಗೆ ಎಡಗೈಯಿಂದ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಒಬ್ಬ ಆಳಿನ ಹಣೆ ಒಡೆದಿತ್ತು. ಆಸ್ಪತ್ರೆ ಎಂದರೆ ಕೈ ಕತ್ತರಿಸುತ್ತಾರೆ, ಬರುವುದಿಲ್ಲ ಎಂದು ಕಿರುಚಿದ. ನಾಲ್ಕು ಜನ ಸೇರಿ ಅವನನ್ನು ಕೆಡವಿ, ಬಾವಿ ಹಗ್ಗದಲ್ಲಿ ಬಿಗಿದು ಗಾಡಿಗೆ ಹಾಕಿದೆವು. ಎದೆಯ ಮೇಲೆ ಕೂತಿದ್ದವನು ನಾನು. ಅವನು ನನ್ನ ಮುಂಗೈಯನ್ನು ಹಲ್ಲಿಗೆ ಸಿಕ್ಕಿಸಿಕೊಂಡು, ಚರ್ಮ ಕಿತ್ತುಬರುವವರೆಗೆ ಬಿಡಲಿಲ್ಲ.

ಮದ್ದೂರಿನಿಂದ ಮಂಡ್ಯಕ್ಕೆ ರೈಲು. ಮಂಡ್ಯದ ಡಾಕ್ಟರು ಅಂಗೈ ಸೀಳಿದಾಗ ಕೋಣೆಯಲ್ಲೆಲ್ಲ ಸೀಮೆಎಣ್ಣೆಯ ವಾಸನೆ ತುಂಬಿತು. ಕೀವಿನ ಜೊತೆ ಎಣ್ಣೆ ಬರುತ್ತಿತ್ತು, ಕರಿ ಎಣ್ಣೆ. ಒಂದು ದಿನ ಮೊದಲು ಬಂದಿದ್ದರೆ ಎಂದು ಅವರು ನನ್ನ ಕಡೆ ನೋಡಿದರು. ಅಲ್ಲಿಂದ ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಮೊಣಕೈ ಕೆಳಗೆ ಕತ್ತರಿಸಿದರು.

ನಾನು ಮದ್ದೂರಿಗೆ ವಾಪಸು ಬಂದ ದಿನವೇ ದೊಡ್ಡಪ್ಪನ ಮಕ್ಕಳು ಮೂವರು ಶೆಡ್ಡಿಗೆ ಬಂದರು. ಇಬ್ಬರ ಕೈಯಲ್ಲಿ ದೊಣ್ಣೆ, ದೊಡ್ಡವನ ಕೈಯಲ್ಲಿ ಕಬ್ಬು ಕಡಿಯುವ ಮಚ್ಚು. ಸಾಬ ಬೇಕೆಂತಲೇ ನಮ್ಮವನ ಕೈ ತೆಗೆದ, ಅವನ ಕೈಯನ್ನೂ ತೆಗೆದುಕೊಂಡೇ ಹೋಗುವುದು ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿಕೊಂಡು ಬಂದಿದ್ದರು. ಮೇಸ್ತ್ರಿಗಳು ಒಳಗೆ, ಶೆಡ್ಡಿಗೆ ಅಂಟಿದ ಮನೆಯಲ್ಲಿ, ಚಾಪೆಯ ಮೇಲೆ ಮಲಗಿದ್ದರು, ಎದ್ದು ಓಡುವ ಸ್ಥಿತಿಯಲ್ಲಿ ಇರಲಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತೆ. ಅವತ್ತೂ ಹೆದರಿಕೆ ಇತ್ತು. ಆದರೆ ಕಾಲು ಹಿಂದಕ್ಕೆ ಹೋಗಲಿಲ್ಲ.

“ಅವ್ರಲ್ಲ ಕಣ್ಲಾ. ಒತ್ತಿದ್ದು ನಾನು. ಗೊತ್ತಿದ್ದೇ ಒತ್ದೆ.”

ದೊಡ್ಡವನು ಮಚ್ಚು ಇಳಿಸಿದ. ನಾನು ಅವರ ರಕ್ತವಾದ್ದರಿಂದ ಕಡಿಯಲಿಲ್ಲ, ಅಷ್ಟೆ. ದೊಣ್ಣೆಗಳು ಇಳಿಯಲಿಲ್ಲ. ಮೊದಲ ಏಟು ಎಡಗಿವಿಯ ಮೇಲೆ ಬಿತ್ತು, ಅಂದಿನಿಂದ ಆ ಕಿವಿ ಕೇಳುವುದಿಲ್ಲ. ಬಿದ್ದ ಮೇಲೆ ಬೆನ್ನಿಗೆ, ಸೊಂಟಕ್ಕೆ, ಮುರಿದು ಕೂಡಿಕೊಂಡಿದ್ದ ಮೊಣಕೈಗೆ. ಎದುರಿನ ಗುಜರಿ ಅಂಗಡಿಯವರು, ಜಟಕಾದವರು ಬಂದು ಬಿಡಿಸುವವರೆಗೆ ಹೊಡೆದರು. ಮೇಸ್ತ್ರಿಗಳ ಹೆಂಡತಿ ಹದಿನೈದು ದಿನ ನನಗೆ ಗಂಜಿ ಕುಡಿಸಿದರು. ಒಂದೇ ಗೋಡೆಯ ಈಚೆ ನಾನು, ಆಚೆ ಮೇಸ್ತ್ರಿಗಳು, ಇಬ್ಬರೂ ಪಕ್ಕೆ ಹಿಡಿದುಕೊಂಡು ಮಲಗಿದ್ದೆವು.

ಅಷ್ಟರಲ್ಲಿ ಬೆಂಗಳೂರಿನಿಂದ ಹೊಸ ನಾಜಲ್ ಬಂದವು. ನಾನು ಎದ್ದು ಓಡಾಡುವ ಹಾಗಾದ ಮೇಲೆ ಮೇಸ್ತ್ರಿಗಳು ಚಾಪೆಯಿಂದಲೇ ಹೇಳುತ್ತಾ ಹೋದರು, ನಾನು ಉಳಿದಿದ್ದ ಒಂದು ಸೂಜಿಯನ್ನೂ ಉಜ್ಜಿ ನಾಲ್ಕನ್ನೂ ಕೂರಿಸಿದೆ. ಬಡಿತ ಹೋಯಿತು, ಹೊಗೆ ಹೋಯಿತು. ಲಾರಿ ತೆಗೆದುಕೊಂಡು ಹೋಗಲು ಅಣ್ಣ ಒಬ್ಬ ಡ್ರೈವರನ್ನು ಕರೆದುಕೊಂಡು ತಾನೇ ಬಂದ. ಅಂಗಿಯ ಬಲತೋಳನ್ನು ಮಡಿಸಿ ಪಿನ್ನು ಚುಚ್ಚಿದ್ದರು. ತುಂಬ ಹೊತ್ತು ಎಂಜಿನ್ನಿನ ಸದ್ದು ಕೇಳುತ್ತಾ ನಿಂತಿದ್ದ. ಆಮೇಲೆ ನನ್ನ ಸರಿಯಿದ್ದ ಕಿವಿಯ ಕಡೆಗೆ ಬಂದು ಕೇಳಿದ.

“ಒತ್ತೋವಾಗ ನನ್ ಮಕ ನೋಡ್ತಿದ್ಯಾ, ಕೈ ನೋಡ್ತಿದ್ಯಾ?”

“ಕೈ.”

ಅವನು ತಲೆಯಾಡಿಸಿದ. ಬೈಯಲಿಲ್ಲ. ಒಳಗೆ ಮಲಗಿದ್ದ ಮೇಸ್ತ್ರಿಗಳ ಬಾಗಿಲವರೆಗೆ ಹೋದ. ಹೊಸ್ತಿಲು ದಾಟದೆ ಹಿಂದಿರುಗಿ ಲಾರಿ ಹತ್ತಿದ. ಮತ್ತೆ ಅವನು ಸಾಯುವವರೆಗೆ ನನ್ನ ಮೈ ಮುಟ್ಟಲಿಲ್ಲ, ಮಾತೂ ಆಡಲಿಲ್ಲ.

ಕೈ ಹೋದ ಮೇಲೆ ಅವನು ಮೆತ್ತಗಾಗುತ್ತಾನೆ ಎಂದುಕೊಂಡಿದ್ದೆವು. ಎರಡು ತಿಂಗಳು ಹಾಗೇ ಇದ್ದ. ಆಮೇಲೆ ಎಡಗೈ ಕಲಿತುಕೊಂಡಿತು. ಮುಂಗಾರಿನ ಹೊತ್ತಿಗೆ ನಾನು ಊರಿಗೆ ಹೋದಾಗ ಅತ್ತಿಗೆಯ ಕೆನ್ನೆಯ ಮೇಲೆ ಮಾಸುತ್ತಿದ್ದ ಏಟಿನ ಹಳದಿ ಕಲೆ ಇತ್ತು. ಅವಳು ಬೆಸಗರಹಳ್ಳಿಯ ಹೆಣ್ಣು, ಹದಿನಾಲ್ಕು ವರ್ಷ ಆ ಮನೆಯಲ್ಲಿ ಏಟು ತಿಂದು ಒಂದು ದಿನವೂ ಎದುರಾಡಿದವಳಲ್ಲ. ಹಿತ್ತಲಿನಲ್ಲಿ ಹುರುಳಿ ಕೇರುತ್ತಾ, ಹಿಂದಿನ ವಾರ ನಡೆದದ್ದನ್ನು ಅವಳೇ ಹೇಳಿದಳು. ಊಟದ ತಟ್ಟೆ ಎಸೆದು ಅವನು ಎರಡನೆಯ ಸಲ ಕೈ ಎತ್ತಿದಾಗ ಇವಳು ಆ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳಂತೆ. ಬಿಡಿಸಿಕೊಳ್ಳಲು ಅವನಿಗೆ ಇನ್ನೊಂದು ಕೈ ಇರಲಿಲ್ಲ. ಒದ್ದ, ಉಗಿದ, ಇವಳು ಬಿಡಲಿಲ್ಲ. ಅವನು ದಣಿದು ಕೂರುವವರೆಗೆ ಹಿಡಿದುಕೊಂಡೇ ಇದ್ದಳು.

“ಈ ಕೈಯೂ ಬ್ಯಾಡ್ವಾ ನಿಂಗೆ ಅಂದೆ,” ಎಂದಳು ಅತ್ತಿಗೆ. “ಮಕ್ಳಂಗೆ ಅತ್ಬುಟ್ಟ.”

ನನಗೆ ನಗು ಬಂತು. ತಡೆದುಕೊಳ್ಳಲಿಲ್ಲ. ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

“ನಗ್ಬ್ಯಾಡ. ಅವ್ನು ಕ್ವಾಪದಲ್ಲಿ ಒಡೀತಿದ್ದ. ನೀನು ನಟ್ಟು ಬಿಗ್ದು ಒಡ್ದೆ.”

ಅವಳು ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟಳು. ಕುಡಿದು ಲೋಟ ತೊಳೆದಿಟ್ಟೆ. ಆ ವರ್ಷದ ಕೊಯ್ಲು ಮುಗಿದ ಮೇಲೆ ಅವಳು ಮಕ್ಕಳನ್ನು ಕರೆದುಕೊಂಡು ಬೆಸಗರಹಳ್ಳಿಗೆ ಹೋದವಳು ವಾಪಸು ಬರಲಿಲ್ಲ. ಸಾಮಾನು ಸಾಗಿಸಲು ಗಾಡಿ ಕಟ್ಟಿಕೊಂಡು ಹೋದವನು ನಾನೇ. ಅಣ್ಣ ಜಗುಲಿಯ ಮೇಲೆ ಕೂತು, ನಾವು ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿಡುವುದನ್ನು ನೋಡುತ್ತಿದ್ದ.