ನಿಜಾಮನ ಕಾಲದ್ದರಿ ಸರ

ಆಳಂದದ ಹಳೇ ಸಾಮಾನಿನ ವ್ಯಾಪಾರಿ ಲಾಡ್ಲೇಸಾಬರ ಬಾಯಲ್ಲಿ ಮುರುಕು ಮಂಚವೂ "ನಿಜಾಮನ ಕಾಲದ್ದರಿ ಸರ", ಸನ್ಮೈಕಾ ಟೇಬಲ್ಲೂ ನಿಜಾಮನ ಕಾಲದ್ದೇ. ತೋಳಿನಿಂದ ಧೂಳು ಒರೆಸುತ್ತ ಅವರು ಹೇಳುವುದನ್ನೆಲ್ಲ ನಂಬುವ ಏಕೈಕ ಗಿರಾಕಿ ನಾನು. ಅವರಿಂದ ತಂದ ಆರಾಮ ಕುರ್ಚಿಯಿಂದ ಎರಡು ಸಲ ಬಿದ್ದಿದ್ದರೂ ಮನೆಗೆ ಬಂದವರನ್ನೆಲ್ಲ ನಿಲ್ಲಿಸಿ ಅದರ ಇತಿಹಾಸ ಹೇಳುತ್ತೇನೆ. ಮೊನ್ನೆ ಮೂಲೆಯಲ್ಲಿದ್ದ ತೇಗದ ಚೌಕಟ್ಟಿನ ಕನ್ನಡಿಗೆ ಮನಸೋತೆ. ಅದರ ಅಂಚಿಗೆ ಯಾರೋ ಹೆಂಗಸು ಅಂಟಿಸಿಟ್ಟಿದ್ದ ಹಣೆಯ ಕೆಂಪು ಟಿಕಳಿಗಳನ್ನು ಉಗುರಿನಿಂದ ಕೆರೆಯಹೋದಾಗ ಲಾಡ್ಲೇಸಾಬರು ನನ್ನ ಕೈ ಹಿಡಿದರು. ನಿಜಾಮನ ಹೆಸರೆತ್ತಲಿಲ್ಲ. "ಇದು ನಿಮ್ಮ ಮನೀದೇ ಅದರಿ ಸರ. ನಿಮ್ಮವ್ವಾರು ತೀರಿದ ಮ್ಯಾಲ, ಹಳೇದು ಬ್ಯಾಡಂತ ನೀವೇ ನನಗ ಕೊಟ್ಟಿದ್ರಿ. ಅವ್ವಾರ ಟಿಕಳಿ ಅವು, ನಾನೂ ಕೆರದಿಲ್ಲರಿ."